ಆಚೆ ದಡದ ಮೂರಕ್ಷರ

ಅಣ್ಣ ಬೆಳಗಿನ ದೋಣಿಗೆ ತದಡಿಗೆ ಹೊರಟಾಗ ನಾನು ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮಾರನೆಯ ದಿನ ಅಪ್ಪನಿಗೆ ಎಡೆ. ಮಹಾಲಯದಲ್ಲಿ ನಮ್ಮಂಥ ಮನೆಗಳಲ್ಲಿ, ತೀರಿಕೊಂಡವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಬಾಳೆ ಎಲೆಯಲ್ಲಿ ಬಡಿಸಿಟ್ಟು, ಕೋಣೆಯ ಬಾಗಿಲು ಎಳೆದುಕೊಂಡು, ಅವರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತಿರುತ್ತೇವೆ. ಎಲೆಯಲ್ಲಿ ನೊಗಲಿ ಮೀನು ಇಲ್ಲದಿದ್ದರೆ ಅಪ್ಪ ಮುಚ್ಚಿದ ಕೋಣೆಯೊಳಗೂ ಸಿಡುಕುತ್ತಾನೆ ಎಂಬುದು ಅಣ್ಣನ ನಂಬಿಕೆ. ಹಾಗಾಗಿ ಚೀಲ ಹಿಡಿದು, ಕೆಂಪು-ಹಳದಿ ಬಾವುಟಗಳ ಸುರುಳಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟ. "ತಂಗೀ, ಕಾಯಿ ಒಡ್ದಿಡು. ಮೀನು ಎಂತ ಸಿಕ್ತು ಅಂತ ಆಚಿಂದ ಹೇಳ್ತೆ" ಎಂದ. ಯಾವಾಗಲೂ ಹೇಳುತ್ತಿದ್ದ ಮಾತು. ನಾನು ತಲೆ ಎತ್ತಿಯೂ ನೋಡಲಿಲ್ಲ.

ಆಚೆಯಿಂದ ಹೇಳುವುದೆಂದರೆ ಫೋನಿನಲ್ಲಿ ಹೇಳುವುದಲ್ಲ. ನಮ್ಮ ಊರು ಅಘನಾಶಿನಿ, ಹೊಳೆಯ ಹೆಸರೇ ಊರಿಗೂ. ಹೊಳೆ ಸಮುದ್ರ ಸೇರುವ ಮುಂಚೆ ಒಮ್ಮೆ ಅಗಲವಾಗಿ ಮೈಚಾಚುತ್ತದಲ್ಲ, ಅಲ್ಲಿ ಈಚೆ ದಡದಲ್ಲಿ ನಾವು, ಆಚೆ ದಡದಲ್ಲಿ ತದಡಿಯ ಮೀನು ಬಂದರು. ನಡುವೆ ದಾಟಲು ದೋಣಿ. ನಮ್ಮ ಜಗಲಿಯಲ್ಲಿ ಕೂತರೆ ಆಚೆಯ ಜನರು ಬೆರಳಿನಷ್ಟು ಕಾಣುತ್ತಾರೆ. ಅಣ್ಣ ಸುಮಾರು ನಲವತ್ತು ವರ್ಷ ನೌಕಾದಳದಲ್ಲಿ ಸಿಗ್ನಲ್ ಕೆಲಸ ಮಾಡಿದವನು. ಎರಡು ಕೈಯಲ್ಲಿ ಎರಡು ಬಾವುಟ ಹಿಡಿದು, ತೋಳನ್ನು ಒಂದೊಂದು ಕೋನದಲ್ಲಿ ನಿಲ್ಲಿಸಿ, ಒಂದೊಂದು ಇಂಗ್ಲಿಷ್ ಅಕ್ಷರ ಮಾಡಿ, ಒಂದು ಹಡಗಿನಿಂದ ಇನ್ನೊಂದು ಹಡಗಿಗೆ ಮಾತು ದಾಟಿಸುವುದು ಅವನ ವಿದ್ಯೆ. ನಿವೃತ್ತನಾಗಿ ಬಂದ ಮೇಲೆ ಆ ವಿದ್ಯೆ ನಮ್ಮ ಮೀನುಸಾರಿಗೆ ದುಡಿಯಿತು. ಅವನು ತದಡಿಯಲ್ಲಿ ದೋಣಿ ಕಟ್ಟುವ ಧಕ್ಕೆಯ ತುದಿಗೆ ನಿಂತು ಬಂಗಡೆ ಎಂದೋ ತಾರಲೆ ಎಂದೋ ಬಾವುಟದಲ್ಲಿ ಬರೆಯುವುದು. ನಾನು ಗೋಡೆಯ ಮೊಳೆಯಿಂದ ದುರ್ಬೀನು ತೆಗೆದು ಓದಿ, ಕೆಲಸ ಬಿಟ್ಟು ಅಂಗಳಕ್ಕೆ ಇಳಿದು, ಬರಿಗೈಯಲ್ಲೇ ಎ, ಟಿ, ಯು ಎಂದು ಮೂರು ಅಕ್ಷರ ಮಾಡುವುದು, ಓದಿದೆ ಎಂಬ ಅರ್ಥದಲ್ಲಿ. ಆತು. ಅವನು ದೋಣಿ ಹತ್ತಿ ಈಚೆಗೆ ಮುಟ್ಟುವಷ್ಟರಲ್ಲಿ ಆ ಮೀನಿಗೆ ತಕ್ಕ ಮಸಾಲೆ ತಯಾರಿರುತ್ತಿತ್ತು. ಫೋನು ಇಬ್ಬರ ಹತ್ತಿರವೂ ಇತ್ತು. ಅದನ್ನು ಯಾಕೆ ಬಳಸಲಿಲ್ಲ ಎಂದು ಕೇಳಿದರೆ, ಇಷ್ಟು ಖುಷಿ ಅದರಲ್ಲಿ ಇರಲಿಲ್ಲ ಎನ್ನಬೇಕಷ್ಟೆ.

ಆ ದಿನ ಅನ್ನಕ್ಕೆ ಎಸರು ಬಂದಿತ್ತು. ಹೊರಗೆ ಬಂದು ದುರ್ಬೀನು ಹಿಡಿದೆ. ಅಣ್ಣ ಧಕ್ಕೆಯ ತುದಿಯಲ್ಲಿ ನಿಂತಿದ್ದ. ಚೀಲ ಕಾಲ ಬಳಿ ಇತ್ತು. ಎಡಗೈ ಓರೆಯಾಗಿ ಮೇಲೆದ್ದಿತು. ಅದು ಇ. ಬಲಗೈ ನೆಟ್ಟಗೆ ಆಕಾಶಕ್ಕೆ. ಅದು ಡಿ. ಮತ್ತೆ ಎಡಗೈ. ಇ-ಡಿ-ಇ. ಎಡೆ. ಎಡೆಗೆ ಇಂಥ ಮೀನು ಸಿಕ್ಕಿತು ಎಂದು ಹೇಳಲು ಹೊರಟಿದ್ದಾನೆ, ಮುಂದಿನ ಶಬ್ದ ನೊಗಲಿ ಎಂದೇ ಇರುತ್ತದೆ ಎಂದುಕೊಂಡೆ. ಒಳಗೆ ಅನ್ನ ಉಕ್ಕಿದ ಸಪ್ಪಳವಾಯಿತು. ನಾನು ಅವಸರದಲ್ಲಿ ಕೈಯೆತ್ತಿ ಆತು ಎಂದು ಮೂರು ಅಕ್ಷರ ಮಾಡಿ ಒಲೆಯ ಹತ್ತಿರ ಓಡಿದೆ.

ಮರುದಿನ ಎಡೆ ಇಡುವ ಮೊದಲೇ ಅಣ್ಣ ಬಚ್ಚಲಿನ ಬಾಗಿಲಲ್ಲಿ ಕುಸಿದ. ಆಗ ಬೆಳಗಿನ ಹೊತ್ತು. ಕುಮಟಾದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಎದೆಯದೇ ತೊಂದರೆ ಎಂದರು. ಅಂದಿನಿಂದ ನಾನು ಆ ಮೂರು ಅಕ್ಷರಗಳನ್ನು ಓದುತ್ತಲೇ ಇದ್ದೇನೆ. ಎಡೆಯನ್ನು ಇಂಗ್ಲಿಷಿನಲ್ಲಿ ಬರೆಯುವುದೂ ಹಾಗೆಯೇ, ಎದೆಯನ್ನು ಬರೆಯುವುದೂ ಹಾಗೆಯೇ. ಅಣ್ಣ ನನಗೆ ಹೇಳಿದ್ದು ಯಾವುದು?

ಇದನ್ನು ಬರೆಯಲು ನಾನು ಕೂತದ್ದಲ್ಲ. ಹೊನ್ನಾವರದ ಒಂದು ಹೈಸ್ಕೂಲಿನವರು ಸ್ಮರಣ ಸಂಚಿಕೆಗೆಂದು ಅಣ್ಣನ ಹತ್ತಿರ 'ನಮ್ಮ ನೌಕಾದಳ ಬೆಳೆದು ಬಂದ ದಾರಿ' ಎಂಬ ಲೇಖನ ಕೇಳಿದ್ದರು. ಪ್ರತಿ ಡಿಸೆಂಬರಿನಲ್ಲಿ ನೌಕಾದಿನಕ್ಕೆ ಅವನು ಹೊನ್ನಾವರ, ಮಂಕಿ, ಭಟ್ಕಳದ ಶಾಲೆಗಳಿಗೆ ಹೋಗಿ ಮಾತಾಡಿ ಬರುತ್ತಿದ್ದ. ಲೇಖನ ಅರ್ಧ ಬರೆದಿಟ್ಟಿದ್ದ. ಅವನು ಹೋಗಿ ಮೂರು ತಿಂಗಳಾದ ಮೇಲೆ ಶಾಲೆಯ ಹೆಡ್ ಮೇಡಂ ಫೋನು ಮಾಡಿ, ಉಳಿದರ್ಧವನ್ನು ನೀವೇ ಬರೆದು ಕೊಡಿ ಎಂದರು. ನಾನು ಮಂಕಿಯಲ್ಲಿ ಮೂವತ್ತು ವರ್ಷ ಅಂಗನವಾಡಿಯಲ್ಲಿ ಕೆಲಸ ಮಾಡಿದವಳು. ಬರೆದದ್ದೆಂದರೆ ಮಕ್ಕಳ ತೂಕದ ಪಟ್ಟಿ, ಹಾಜರಿ. ನೌಕಾದಳದ ಇತಿಹಾಸ ನನಗೆಲ್ಲಿಂದ ಬರಬೇಕು? ಆದರೂ ಅಣ್ಣನ ನೋಟುಪುಸ್ತಕ ತೆರೆದೆ. ತೆರೆದ ಮೇಲೆ ಕೈ ಬೇರೆ ದಾರಿಗೆ ಹೋಯಿತು. ಅದನ್ನೇ ನೀವು ಓದುತ್ತಿದ್ದೀರಿ.

ನೋಟುಪುಸ್ತಕದಲ್ಲಿ ಮೊದಲ ವಾಕ್ಯ ಮೂರು ಸಲ ಇದೆ, ಎರಡು ಸಲ ಹೊಡೆದು ಹಾಕಿದೆ. ಮೊದಲನೆಯದು, ನಮ್ಮ ನೌಕಾದಳ ಇಂಗ್ಲಿಷ್ ವ್ಯಾಪಾರಿಗಳು ತಮ್ಮ ಸರಕು ಕಾಯಲು ಸೂರತ್ತಿಗೆ ತಂದ ಹಡಗುಗಳಿಂದ ಶುರುವಾಯಿತು ಎಂದು. ಎರಡನೆಯದು, ಪೋರ್ಚುಗೀಜರು ಬರುವ ಮೊದಲೇ ಹೊನ್ನಾವರ, ಭಟ್ಕಳಗಳಲ್ಲಿ ಹಡಗು ಕಟ್ಟುವವರೂ ಅದರ ಮೇಲೆ ನಿಂತು ಕಾದುವವರೂ ಇದ್ದರು ಎಂದು. ಇದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ, 'ಆಧಾರ ಕೇಳಿದರೆ?' ಎಂದು ಬರೆದುಕೊಂಡಿದ್ದಾನೆ. ಮೂರನೆಯದನ್ನು ಹೊಡೆದಿಲ್ಲ. 'ಎಲ್ಲಕ್ಕಿಂತ ಮೊದಲು ಖಲಾಸಿಗಳು ಇದ್ದರು.' ಅಲ್ಲಿಂದ ಅವನ ಲೇಖನ ಓಡುತ್ತದೆ, ಯಾಕೆಂದರೆ ಆ ವಾಕ್ಯದಲ್ಲಿ ಅಪ್ಪ ಇದ್ದಾನೆ.

ಅಪ್ಪ ಮಚವೆಯಲ್ಲಿ ಹಾಯಿ-ಹಗ್ಗದ ಕೆಲಸ ಮಾಡುವ ಖಲಾಸಿಯಾಗಿದ್ದ. ಮಚವೆ ಎಂದರೆ ಹಾಯಿ ಕಟ್ಟಿದ ದೊಡ್ಡ ಮರದ ಹಡಗು. ಕುಮಟಾ, ಹೊನ್ನಾವರಗಳಿಂದ ಹಂಚು, ತೆಂಗಿನಕಾಯಿ, ಕಟ್ಟಿಗೆ ತುಂಬಿಕೊಂಡು ಮುಂಬಯಿಗೆ ಹೋಗಿ ಬರುತ್ತಿತ್ತು. ಮಚವೆಯ ಯಜಮಾನಿಕೆ ಮಾಡುವವನಿಗೆ ತಾಂಡೇಲ ಎನ್ನುತ್ತಿದ್ದರು. ಇಂಗ್ಲಿಷರ ಕಾಲದ ನೌಕಾಪಡೆಯಲ್ಲೂ ತಾಂಡೇಲ ಎಂಬುದು ಒಂದು ಹುದ್ದೆಯಾಗಿತ್ತಂತೆ. ಬಿಳಿಯರು ನಮ್ಮ ದೋಣಿಯ ಜನರನ್ನು ಕರೆದುಕೊಳ್ಳುವಾಗ ನಮ್ಮ ಶಬ್ದವನ್ನೂ ಹತ್ತಿಸಿಕೊಂಡರು, ಶಬ್ದಕ್ಕೆ ಮಾತ್ರ ಸಂಬಳ ಕೊಡಲಿಲ್ಲ ಎಂದು ಅಣ್ಣ ಶಾಲೆಗಳಲ್ಲಿ ಹೇಳಿ ನಗಿಸುತ್ತಿದ್ದ.

ಅಣ್ಣ ಮೆಟ್ರಿಕ್ ಮುಗಿಸಿ ನೇವಿಗೆ ಸೇರುತ್ತೇನೆ ಎಂದಾಗ ಅಪ್ಪನಿಗೆ ಅದು ಅಷ್ಟೇನೂ ಮೆಚ್ಚಲಿಲ್ಲ. ಸಮುದ್ರಕ್ಕೆ ಹೋಗಿ ಮೀನು ತರದೆ, ಹಂಚನ್ನೂ ಹೊರದೆ, ಬರಿದೆ ತಿರುಗಾಡಿ ಬರುವ ಹಡಗು ಎಂಥದ್ದು ಎಂದು ಅವನ ಪ್ರಶ್ನೆ. ಸೇರಿದ ಮೇಲೂ ಬಿಡಲಿಲ್ಲ. ಅಣ್ಣ ಮೊದಲ ರಜೆಗೆ ಬಿಳಿ ಚಡ್ಡಿ, ಬಿಳಿ ಟೊಪ್ಪಿಗೆಯಲ್ಲಿ ದೋಣಿ ಇಳಿದಾಗ, ಅಪ್ಪ ಜಗಲಿಯಿಂದಲೇ, "ಎಂತ ಮಾರಾಯ, ಹಡಗ ಓಡ್ಸೂಕೆ ಹೋದವ ಹಾಲ ಮಾರೂಕೆ ಬಂದ್ಯ?" ಎಂದ. ಅಣ್ಣ ಅದನ್ನು ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದ.

ಆ ರಜೆಯಲ್ಲೇ ಅವನು ನನಗೆ ಬಾವುಟದ ಅಕ್ಷರ ಕಲಿಸಿದ್ದು. ಪ್ರೀತಿಯಿಂದೇನೂ ಅಲ್ಲ. ವಾಪಸು ಹೋದ ಮೇಲೆ ಅವನಿಗೆ ಪರೀಕ್ಷೆ ಇತ್ತು, ಎದುರಿಗೆ ನಿಂತು ಓದುವವರು ಬೇಕಿತ್ತು. ನಾನು ಹೊಳೆಯಂಚಿನ ಮರಳಿನಲ್ಲಿ ಆ ಕಡೆ, ಅವನು ಈ ಕಡೆ. ಬಳಚಿನ ಚಿಪ್ಪುಮೀನು ಆರಿಸಲು ಇಳಿದಿದ್ದ ಹೆಂಗಸರು ಸೊಂಟಕ್ಕೆ ಬುಟ್ಟಿ ಒತ್ತಿಕೊಂಡು ನಿಂತು, ಈ ಅಣ್ಣ-ತಂಗಿಗೆ ಎಂತ ಆತು, ಕಾಗೆ ಓಡಿಸುತ್ತಾರಾ ಎಂದು ನಗುತ್ತಿದ್ದರು. ನನಗೆ ಹದಿನೈದು ದಿನದಲ್ಲಿ ಇಪ್ಪತ್ತಾರೂ ಅಕ್ಷರ ಬಂದವು. ಆದರೆ ನಾವು ಆಡುವ ಮಾತು ಕನ್ನಡ, ಅಕ್ಷರ ಇಂಗ್ಲಿಷ್. ತೊಂದರೆ ಅಲ್ಲೇ ಇತ್ತು.

ಒಂದು ಸಂಜೆ ಅಪ್ಪ ಮತ್ತು ಅಣ್ಣ ಪಾತಿ ದೋಣಿಯಲ್ಲಿ ಹೊಳೆಯ ನಡುವೆ ಇದ್ದರು. ಮೀನಿನ ಹಿಂಡು ಕಂಡಿರಬೇಕು. ಅಣ್ಣ ಎದ್ದುನಿಂತು ಬಿ, ಎ, ಎಲ್, ಇ ಎಂದು ಬರೆದ. ನಂತರ ಟಿ, ಎ. ನಾನು ಓದಿದೆ, ಬಾಳೆ ತಾ. ಮನೆಗೆ ಓಡಿ ಅಟ್ಟದಲ್ಲಿ ನೇತುಹಾಕಿದ್ದ ಗೊನೆಯಿಂದ ಎರಡು ಚಿಪ್ಪು ಕಿತ್ತು, ನೀರಲ್ಲಿ ಸೊಂಟದವರೆಗೆ ನಡೆದು ಹೋಗಿ, ದಡದತ್ತ ಬಂದ ದೋಣಿಗೆ ಕೊಟ್ಟೆ. ಅವರಿಗೆ ಬೇಕಾಗಿದ್ದುದು ಇನ್ನೊಂದು ಬಲೆ. ಅಪ್ಪ ಹಣ್ಣನ್ನೂ ನನ್ನನ್ನೂ ನೋಡಿದ. "ಮೀನಿಗೆ ಫಲಾರ ಕೊಡೂಕೆ ತಂದ್ಯನೆ?" ಎಂದ. ಹಿಂಡು ಹೋಯಿತು. ನೇವಿಯವರ ಮಾತು ನಂಬಿದರೆ ಮನೆಯಲ್ಲಿ ಸಾರಿಲ್ಲ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದ.

ಆ ರಾತ್ರಿ ಊಟಕ್ಕೆ ಕೂತಾಗ ಅಣ್ಣ ಒಂದು ಕಾನೂನು ಮಾಡಿದ. ಎಳೆದು ಹೇಳುವ ಸ್ವರಕ್ಕೆ ಅಕ್ಷರ ಎರಡು ಸಲ. ನಾಲಿಗೆ ಮಡಚಿ ಹೇಳುವ ಟ, ಡ, ಣ, ಳ ಬಂದರೂ ಎರಡು ಸಲ. ನಾಲಿಗೆ ಹಲ್ಲಿಗೆ ತಾಗುವ ತ, ದ, ನ, ಲ ಬಂದರೆ ಒಂದೇ ಸಲ. ಹಾಗಾಗಿ ಬಲೆಗೆ ಒಂದು ಎಲ್, ಬಾಳೆಗೆ ಎರಡು ಎ, ಎರಡು ಎಲ್. ಉತ್ತರಕ್ಕೆ ಕೊಡುವ ಆತುವಿಗೆ ಮಾತ್ರ ಒಂದೇ ಎ ಸಾಕು. ಹಾಗಾದರೆ ಒತ್ತಕ್ಷರಕ್ಕೆ ಎಂತ ಮಾಡುವುದು ಎಂದು ನಾನು ಕೇಳಿದೆ. ಅಣ್ಣ ಯೋಚಿಸಿ, "ಒತ್ತಕ್ಷರ ಇದ್ದ ಮಾತೇ ಆಡೂದು ಬೇಡ" ಎಂದ.

ನಗಬೇಡಿ. ಆ ಕಾನೂನಿನ ಮೇಲೆ ನಾವು ಐವತ್ತು ವರ್ಷ ಮಾತಾಡಿದ್ದೇವೆ. ಮಂಕಿಯ ಅಂಗನವಾಡಿಯಲ್ಲಿ ಮಕ್ಕಳಿಗೆ ದನದ ದ, ಡಬ್ಬಿಯ ಡ ಎಂದು ಹೇಳಿಕೊಡುವಾಗ ಎಷ್ಟೋ ಸಲ ನನ್ನ ಬಲಗೈ ತಾನಾಗಿ ಒಮ್ಮೆ, ಆಮೇಲೆ ಎರಡು ಸಲ ಮೇಲೇಳುತ್ತಿತ್ತು. ಮಕ್ಕಳು ಅದನ್ನೂ ಪಾಠ ಎಂದುಕೊಂಡು ಕೈಯೆತ್ತುತ್ತಿದ್ದವು.

ಅಣ್ಣನ ಕಾಗದಗಳಲ್ಲಿ ನೇವಿ ನನ್ನ ಕಣ್ಣೆದುರೇ ಬೆಳೆಯಿತು. ಮೊದಮೊದಲು ಅವನು ಹತ್ತಿದ ಹಡಗುಗಳೆಲ್ಲ ಇಂಗ್ಲೆಂಡಿನವರು ಬಳಸಿ ಬಿಟ್ಟವು. ದೇಶ ಎರಡಾದಾಗ ಇದ್ದ ಹಡಗುಗಳನ್ನೂ ಪಾಲು ಮಾಡಿಕೊಂಡಿದ್ದರಂತೆ, ಮನೆ ಹಿಸೆಯಾದಾಗ ಹಂಡೆ-ತಪ್ಪಲೆ ಹಂಚಿಕೊಂಡ ಹಾಗೆ. ನಮ್ಮ ಪಾಲಿಗೆ ಬಂದದ್ದರ ಜೊತೆಗೆ ಇನ್ನಷ್ಟು ಹಳೆಯವನ್ನು ಕೊಂಡು ತಂದರು. ತಾನು ಮಲಗುವ ಜೋಲಿಯ ಹತ್ತಿರ ತಗಡಿನ ಮೇಲೆ ಯಾರೋ ಒಬ್ಬ ಇಂಗ್ಲಿಷ್ ಹುಡುಗ ತನ್ನ ಹುಡುಗಿಯ ಹೆಸರು ಕೆತ್ತಿದ್ದಾನೆ, ಎಷ್ಟು ಬಣ್ಣ ಬಳಿದರೂ ಹೋಗುವುದಿಲ್ಲ ಎಂದು ಒಮ್ಮೆ ಬರೆದಿದ್ದ. ಆಮೇಲೆ ರಷ್ಯಾದ ಹಡಗುಗಳು ಬಂದವು. ಅವು ಚಳಿ ಸಮುದ್ರಕ್ಕೆಂದು ಮಾಡಿದವು. ನಮ್ಮ ಸೆಖೆಯಲ್ಲಿ ಒಳಗೆ ಕೂತವರು ಮರಗೆಣಸಿನ ಹಾಗೆ ಬೇಯುತ್ತಾರೆ ಎಂದು ಬರೆದ. ಮುಂದೆ ಮುಂಬಯಿಯಲ್ಲೇ ಕಟ್ಟಿದ ಹಡಗಿಗೆ ಅವನನ್ನು ಹಾಕಿದಾಗ ಬಂದ ಕಾಗದದಲ್ಲಿ ಬೇರೇನೂ ಸುದ್ದಿ ಇರಲಿಲ್ಲ. ಬಾಗಿಲು, ಏಣಿ, ಅಡಿಗೆಮನೆ ಎಲ್ಲ ನಮ್ಮವರ ಎತ್ತರಕ್ಕೆ ಸರಿಯಾಗಿವೆ ಎಂದು ಒಂದೇ ಮಾತು.

ಯುದ್ಧವೂ ಆಯಿತು. ಅವನು ಆಗ ಸಮುದ್ರದ ಮೇಲೇ ಇದ್ದ. ಅಮ್ಮ ಆ ಹದಿನಾಲ್ಕು ದಿನ ಧಾರೇಶ್ವರದ ದೇವರಿಗೆ ಹೇಳಿಕೊಂಡದ್ದನ್ನು ತೀರಿಸಲು ಮುಂದೆ ಮೂರು ವರ್ಷ ಹಿಡಿಯಿತು. ಶಾಲೆಯ ಮಕ್ಕಳು ಯುದ್ಧದ ಕತೆ ಹೇಳಿ ಎಂದು ಹಟ ಮಾಡಿದರೆ ಅಣ್ಣ, ಮೂರು ದಿನ ಚಹಾಕ್ಕೆ ಸಕ್ಕರೆ ಇರಲಿಲ್ಲ ಎಂದು ಹೇಳಿ ಬಾವುಟದ ಪಾಠಕ್ಕೆ ಬರುತ್ತಿದ್ದ.

ಹಡಗುಗಳು ದೊಡ್ಡವಾಗುತ್ತ ಬಂದ ಹಾಗೆ ಅವನ ವಿದ್ಯೆ ಸಣ್ಣದಾಗುತ್ತ ಬಂತು. ಮೊದಲು ಬಾವುಟ ಮತ್ತು ದೀಪ. ಆಮೇಲೆ ತಂತಿಯಿಲ್ಲದ ಯಂತ್ರ. ಆಮೇಲೆ ಆಕಾಶದಲ್ಲಿ ಉಪಗ್ರಹ. ಕೊನೆಕೊನೆಗೆ ಅವನು ಹೊಸಬರಿಗೆ ಕಲಿಸುವ ಕೆಲಸದಲ್ಲಿದ್ದ. ಪರದೆ ನೋಡಿಕೊಂಡು ಬೆಳೆದ ಹುಡುಗರು ಪಾಸಾಗುವಷ್ಟು ಕಲಿತು ಮರೆಯುತ್ತಿದ್ದರು. ಕಾರವಾರದಲ್ಲಿ ದೊಡ್ಡ ನೌಕಾನೆಲೆ ಎದ್ದಿತು. ಅದಕ್ಕೆಂದು ಊರು ಬಿಟ್ಟವರಲ್ಲಿ ನಮ್ಮ ಸೋದರತ್ತೆಯ ಮನೆಯವರೂ ಇದ್ದರು. ಅಣ್ಣನ ಕೊನೆಯ ಎರಡು ವರ್ಷದ ಕೆಲಸ ಅಲ್ಲೇ. ಅತ್ತೆಯನ್ನು ನೋಡಲು ಹೋದಾಗ ಯೂನಿಫಾರ್ಮ್ ತೆಗೆದಿಟ್ಟು ಹೋಗುತ್ತಿದ್ದ. ಅತ್ತೆ ಒಮ್ಮೆ, "ನಿನ್ನ ಹಡಗ ನಿಂತಲ್ಲಿ ನನ್ನ ಬಾವಿ ಇತ್ತು ಮಗ" ಎಂದಿದ್ದಳಂತೆ. ಈ ಮಾತು ನೋಟುಪುಸ್ತಕದಲ್ಲಿದೆ. ಶಾಲೆಯವರು ಅಚ್ಚು ಹಾಕುತ್ತಾರೋ ಇಲ್ಲವೋ, ನಾನು ತೆಗೆಯುವುದಿಲ್ಲ.

ನಿವೃತ್ತಿಯ ದಿನ ಅವನ ಜೊತೆಯವರು ತಮಾಷೆಗೆಂದು ಎರಡು ಬಾವುಟಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಅವನು ಅದನ್ನು ತಮಾಷೆ ಎಂದು ತಿಳಿಯಲಿಲ್ಲ. ಅತ್ತಿಗೆ ಆ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ನಾನು ಮದುವೆಯಾದವಳಲ್ಲ. ಅವನು ಬಾವುಟ ಹಿಡಿದು ಮನೆಗೆ ಬಂದ. ಬಟ್ಟೆ ಹರಿದಾಗಲೆಲ್ಲ ನಾನು ರವಿಕೆಯ ತುಂಡು ಹಚ್ಚಿ ಹೊಲಿದುಕೊಟ್ಟೆ. ಕೊಚ್ಚಿಯಲ್ಲಿ ನಮ್ಮವರೇ ಕಟ್ಟಿದ ವಿಮಾನ ಹೊರುವ ಹಡಗನ್ನು ಟಿವಿಯಲ್ಲಿ ತೋರಿಸಿದ ದಿನ ಅವನು ಕುರ್ಚಿ ಬಿಟ್ಟು ಎದ್ದು ನಿಂತಿದ್ದ. ಹಡಗಿಗಿಂತ ಅದರ ಹಿಂಬದಿಯ ಹೊಸ ಬಾವುಟದ ಮೇಲೆ ಅವನ ಕಣ್ಣು. ಇಂಗ್ಲಿಷರು ಬಿಟ್ಟುಹೋದ ಕೆಂಪು ಗೀಟು ಹಳೆಯ ಬಾವುಟದಲ್ಲಿ ಉಳಿದಿತ್ತು, ನಡುವೆ ಒಮ್ಮೆ ಹೋಗಿ ಮತ್ತೆ ಬಂದಿತ್ತು, ಈಗ ಪೂರಾ ಹೋಯಿತು ಎಂದ. ಅದೇ ಟಿವಿಯಲ್ಲಿ ಹಡಗಿನ ಮೇಲೆ ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು. ಅಣ್ಣ ನನ್ನ ಕಡೆ ತಿರುಗಿ, "ನೀ ಹುಟ್ಟೂಕೆ ಗಡಬಡಿ ಮಾಡ್ದೆ. ಐವತ್ತು ವರ್ಷ ತಡ ಮಾಡಿದ್ರೆ ನನ್ನಕಿಂತ ದೊಡ್ಡ ಆಫೀಸರ್ ಆಗ್ತಿದ್ದೆ" ಎಂದ.

ಆಸ್ಪತ್ರೆಯ ಮಾತಿಗೆ ಬರಬೇಕು. ಎಷ್ಟು ಸುತ್ತಿದರೂ ಅಲ್ಲಿಗೇ ಬರಬೇಕು.

ಕುಮಟಾದ ಡಾಕ್ಟರು ಸಣ್ಣ ಪ್ರಾಯದವರು. ನೋಡಿ, ಮಾಡುವುದನ್ನೆಲ್ಲ ಮಾಡಿ, ಹೊರಗೆ ಬಂದು ನನ್ನ ಪಕ್ಕದ ಬೆಂಚಿನಲ್ಲೇ ಕೂತರು. ಹೇಳಬೇಕಾದ್ದನ್ನು ಮೆಲ್ಲಗೆ ಹೇಳಿದರು. ಆಮೇಲೆ, "ನಿನ್ನೆ ಮೊನ್ನೆ ಎದೆ ನೋವು ಅಂತ ಏನಾದ್ರೂ ಹೇಳಿದ್ರಾ ಅಮ್ಮ?" ಎಂದು ಕೇಳಿದರು. ನಾನು ಇಲ್ಲ ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು. ಅವರು ಹೋದ ಮೇಲೆ, ಕೂತಲ್ಲೇ, ನನ್ನ ಎಡಗೈ ತೊಡೆಯಿಂದ ಎದ್ದಿತು. ಆಮೇಲೆ ಬಲಗೈ. ಆಮೇಲೆ ಎಡಗೈ. ಎದುರು ಬೆಂಚಿನ ಹೆಂಗಸು ನನ್ನನ್ನು ನೋಡಿ ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಬಲಗೈ ಎಷ್ಟು ಸಲ ಎದ್ದಿತ್ತು? ನಮ್ಮ ಕಾನೂನಿನಂತೆ ಒಂದು ಡಿ ಆದರೆ ಎದೆ, ಎರಡು ಡಿ ಆದರೆ ಎಡೆ. ಇಷ್ಟೇ ನೋಡಬೇಕಾಗಿದ್ದುದು. ಒಮ್ಮೊಮ್ಮೆ ಕಣ್ಣು ಮುಚ್ಚಿದರೆ ಕೈ ಒಂದು ಸಲ ಎದ್ದಿದ್ದು ಕಾಣುತ್ತದೆ. ಒಮ್ಮೊಮ್ಮೆ ಎರಡು ಸಲ. ಎರಡೂ ಅಷ್ಟೇ ಸ್ಪಷ್ಟ. ವಯಸ್ಸಾದ ಮೇಲೆ ಅಣ್ಣನೂ ಎರಡು ಸಲ ಮಾಡುವಲ್ಲಿ ಒಂದು ಸಲ ಮಾಡಿ ಮುಗಿಸುತ್ತಿದ್ದ, ನಾನು ಅಂದಾಜಿನಲ್ಲಿ ಓದಿಕೊಳ್ಳುತ್ತಿದ್ದೆ. ಹಾಗಾಗಿ ಒಂದೇ ಎಂದು ತೀರ್ಮಾನವಾದರೂ ಸಮಾಧಾನಕ್ಕೆ ದಾರಿ ಇದೆ. ಆದರೆ ಇನ್ನೊಂದು ಕಂಡಿದ್ದೆ, ಅದಕ್ಕೆ ದಾರಿ ಇಲ್ಲ. ಕೊನೆಯ ಇ ಮಾಡುವಾಗ ಅವನ ಎಡಗೈ ಎಷ್ಟು ಏಳಬೇಕೋ ಅಷ್ಟು ಏಳಲಿಲ್ಲ. ಸ್ವಲ್ಪ ತಗ್ಗಿದ್ದರೆ ಅದು ಎಫ್ ಆಗುತ್ತದೆ. ಆ ತಪ್ಪಿಗೆ ಅವನು ನನ್ನ ಹದಿನೈದನೆಯ ವಯಸ್ಸಿನಲ್ಲಿ ನನ್ನನ್ನು ಬಯ್ದಿದ್ದ. ಮಾಸ್ತರನೇ ತಪ್ಪಿದ, ಬಂದ ಮೇಲೆ ಛೇಡಿಸಬೇಕು ಎಂದು ನಾನು ನಗುತ್ತ ಒಳಗೆ ಹೋಗಿದ್ದೆ.

ನಮ್ಮ ಎದುರಿನ ದಡದ ಹೆಸರನ್ನೇ ನೋಡಿ. ತದಡಿ. ದ ಮತ್ತು ಡ ಒಂದರ ಪಕ್ಕ ಒಂದು ಕೂತಿವೆ. ದಡ ಎಂಬ ಶಬ್ದದಲ್ಲೂ ಹಾಗೆಯೇ. ಮೂವತ್ತು ವರ್ಷ ಈ ಎರಡು ಅಕ್ಷರಗಳನ್ನು ಬೇರೆ ಮಾಡಿ ಹೇಳಿಕೊಟ್ಟವಳು ನಾನು.

ದೋಣಿ ನಡೆಸುವ ಮಂಜುನನ್ನು ಕೇಳಿದೆ. ಆ ದಿನ ಅಣ್ಣ ಧಕ್ಕೆಯಲ್ಲಿ ಹೇಗಿದ್ದ? ಯಾವಾಗಿನ ಹಾಗೇ ಕೈ ಹಾರಿಸುತ್ತಿದ್ದರು, ಆಮೇಲೆ ಹಗ್ಗ ಕಟ್ಟುವ ಗೂಟದ ಮೇಲೆ ಕೂತರು ಎಂದ. ದಿನಾ ಕೂರುತ್ತಿದ್ದನಾ ಎಂದೆ. "ದಿನಾನೂ ಕೂತ್ಕಂತಿದ್ರು ಅಕ್ಕ. ನೀವು ಅದ್ನೆಲ್ಲ ಈಗ ಎಂತಕ್ಕೆ ಕೇಳೂದು" ಎಂದು ಹಗ್ಗ ಬಿಚ್ಚಲು ತಿರುಗಿದ.

ಕಳೆದ ತಿಂಗಳು ಭಟ್ಕಳಕ್ಕೆ ಹೋದೆ. ಅಲ್ಲಿ ಬಂದರಿನ ಹತ್ತಿರ ಇಸ್ಮಾಯಿಲ್ ಭಾಯಿಯ ಮನೆ. ಅಣ್ಣನ ಜೊತೆ ಒಂದೇ ಹಡಗಿನಲ್ಲಿ ಸಿಗ್ನಲ್ ಕೆಲಸ ಮಾಡಿದವರು. ಅಣ್ಣ ಶಾಲೆಗೆಂದು ಹೋದಾಗಲೆಲ್ಲ ಅವರ ಮನೆಯಲ್ಲಿ ಉಂಡು ಬರುತ್ತಿದ್ದ. ಅವರು ಮನೆಯವರ ಜೊತೆ ತಮ್ಮ ನವಾಯತಿ ಮಾತಿನಲ್ಲಿ ಏನೋ ಹೇಳಿ ಚಹಾ ತರಿಸಿದರು. ನಾನು ಬಂದ ಕೆಲಸ ಹೇಳಿದೆ. ಅಕ್ಷರಗಳನ್ನು ಅವರೆದುರು ಎದ್ದುನಿಂತು ಮಾಡಿ ತೋರಿಸಿದೆ. ಬಲಗೈ ಒಮ್ಮೆ ಎತ್ತಿದೆ, ಆಮೇಲೆ ಎರಡು ಸಲ ಎತ್ತಿದೆ. ನೀವಾದರೆ ಯಾವುದೆಂದು ಓದುತ್ತಿದ್ದಿರಿ ಎಂದು ಕೇಳಿದೆ.

ಅವರು ಚಹಾದ ಲೋಟ ಕೆಳಗಿಟ್ಟರು. ಆ ಎರಡು ಸಲದ ಕಾನೂನು ನಿಮ್ಮಿಬ್ಬರದು, ನೇವಿಯದಲ್ಲ, ಅದರ ಬಗ್ಗೆ ನಾನೇನೂ ಹೇಳಲಾರೆ ಎಂದರು. ಆಮೇಲೆ, "ಅಕ್ಕ, ಒಂದ್ ಹೇಳಿ. ಕೊನೆಗೆ ಎ-ಆರ್ ಕೊಟ್ಟಿದ್ನಾ?" ಎಂದು ಕೇಳಿದರು.

ಎ-ಆರ್ ಎಂದರೆ ಮಾತು ಮುಗಿಯಿತು ಎಂಬ ಗುರುತು. ಮೊದಲು ಬಲಗೈ ಕೆಳಗೆ ಓರೆ. ಆಮೇಲೆ ಎರಡೂ ತೋಳು ಅಗಲಕ್ಕೆ, ಯಾರನ್ನೋ ತಬ್ಬಿಕೊಳ್ಳಲು ನಿಂತ ಹಾಗೆ. ಆ ಗುರುತು ಬರುವವರೆಗೆ ಓದುವವನು ಉತ್ತರ ಕೊಡಬಾರದು. ಅಣ್ಣ ಮೀನಿನ ಹೆಸರು ಹೇಳುವಾಗಲೂ ಅದನ್ನು ಬಿಟ್ಟವನಲ್ಲ. ಮೂರಕ್ಷರದ ಬಂಗಡೆಗೆ ಇದೆಂಥ ಮಂಗಳಾರತಿ ಎಂದು ನಾನೇ ಛೇಡಿಸುತ್ತಿದ್ದೆ.

ಕೊಡಲಿಲ್ಲ ಎಂದೆ. ಅವನು ಕೊಡುವ ಮೊದಲೇ ನಾನು ಆತು ಎಂದು ಒಳಗೆ ಓಡಿದ್ದೆ. ಅವನ ಮುಂದೆ ಇನ್ನೊಂದು ಶಬ್ದ ಇತ್ತೋ, ನೋವು ಎಂದಿತ್ತೋ, ನೊಗಲಿ ಎಂದಿತ್ತೋ ನಾನು ನೋಡಲಿಲ್ಲ. ಎರಡೂ ಎನ್ ಅಕ್ಷರದಿಂದಲೇ ಶುರುವಾಗುತ್ತವೆ ಎಂಬುದು ಆಮೇಲೆ ಹೊಳೆದದ್ದು.

ಆಗ ಇಸ್ಮಾಯಿಲ್ ಭಾಯಿಗೆ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಮಾತನ್ನೂ ಹೇಳಿದೆ. ಆ ದಿನ ಅಣ್ಣ ದೋಣಿ ಇಳಿದು ಬಂದು, ಮೀನಿನ ಚೀಲ ನನ್ನ ಕೈಗೆ ಕೊಟ್ಟು, ಬಿಸಿಲು ಜೋರು ಎಂದು ಜಗಲಿಯ ಬೆಂಚಿನ ಮೇಲೆ ಮಲಗಿದ. ಚೀಲದಲ್ಲಿ ನೊಗಲಿಯೇ ಇತ್ತು. ನಾನು ಅಡಿಗೆಮನೆಯಿಂದಲೇ, ಎಡೆ ಎಡೆ ಎಂದು ಆಚೆಯಿಂದಲೇ ಶುರು ಮಾಡಿದೆಯಲ್ಲ, ಮೀನಿನ ಹೆಸರು ಹೇಳಲು ಎಂತ ಆಯಿತು ಎಂದು ಕೇಳಿದೆ. ಅಣ್ಣ ಕಣ್ಣು ಮುಚ್ಚಿಕೊಂಡೇ ನಕ್ಕ.

"ನೀ ಆತು ಅಂದೆ ಅಲ. ಮತ್ತೆಂತ ಹೇಳೂದು?" ಎಂದ.

ಇಸ್ಮಾಯಿಲ್ ಭಾಯಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ನಿಮ್ಮ ತಪ್ಪಲ್ಲ ಎಂದು ಅವರು ಹೇಳಲಿಲ್ಲ. ಅದಕ್ಕೆ ಅವರಿಗೆ ಋ‌ಣಿಯಾಗಿದ್ದೇನೆ, ಊರಲ್ಲಿ ಎಲ್ಲರೂ ಅದನ್ನೇ ಹೇಳಿದ್ದರು. "ಹಾಗಾದ್ರೆ ಮೆಸೇಜ್ ಇನ್ನೂ ಮುಗೀಲಿಲ್ಲ ಅಕ್ಕ" ಎಂದಷ್ಟೇ ಹೇಳಿದರು. ಬಸ್ಸಿನವರೆಗೆ ಬಂದು ಹತ್ತಿಸಿ ಹೋದರು.

ಈಗ ನೋಟುಪುಸ್ತಕದ ಮುಂದೆ ಕೂತಿದ್ದೇನೆ. ಅಣ್ಣ ಬರೆದ ಕೊನೆಯ ಸಾಲು ಹೀಗಿದೆ: 'ದೀಪ, ಬಾವುಟ, ಕೈ, ಈ ಮೂರರಲ್ಲಿ ಕೈ ಎಲ್ಲಕ್ಕಿಂತ'. ಅಷ್ಟೇ. ಹಳೆಯದೆಂದು ಬರೆಯಲಿದ್ದನೋ, ಹತ್ತಿರದ್ದೆಂದು ಬರೆಯಲಿದ್ದನೋ. ಹೆಡ್ ಮೇಡಂ ಅದನ್ನು ತುಂಬಿಸಿ ಕೊಡಿ ಎಂದಿದ್ದರು. ತುಂಬಿಸಿಲ್ಲ. ಹಾಗೆಯೇ ಬಿಟ್ಟು, ಮುಂದಿನ ಪುಟದಿಂದ ನನಗೆ ಗೊತ್ತಿರುವಷ್ಟನ್ನು ಬರೆದು ಕಳಿಸುತ್ತಿದ್ದೇನೆ. ಕಳೆದ ವಾರ ಅವರ ಶಾಲೆಗೆ ಹೋಗಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಬಾವುಟದ ಅಕ್ಷರ ತೋರಿಸಿ ಬಂದೆ. ಎರಡು ಸಲದ ಕಾನೂನನ್ನೂ ಕಲಿಸಿದೆ. ಒಬ್ಬಳು ಒತ್ತಕ್ಷರಕ್ಕೆ ಎಂತ ಮಾಡುವುದು ಎಂದು ಕೇಳಿದಳು. ಅಣ್ಣನ ಉತ್ತರವನ್ನೇ ಕೊಟ್ಟೆ.

ನನ್ನಲ್ಲಿ ಒಂದು ಬದಲಾಗಿದೆ. ಈಗ ಯಾರು ಮಾತಾಡಿದರೂ ಅವರು ಮುಗಿಸುವವರೆಗೆ ಆತು ಅನ್ನುವುದಿಲ್ಲ. ಗ್ಯಾಸಿನವನಿಗೂ ಅನ್ನುವುದಿಲ್ಲ, ಬಳಚು ಮಾರುವವಳಿಗೂ ಅನ್ನುವುದಿಲ್ಲ. ಒಲೆಯ ಮೇಲೆ ಏನು ಉಕ್ಕಿದರೂ ಉಕ್ಕಲಿ ಎಂದು ನಿಂತಿರುತ್ತೇನೆ. ಅಜ್ಜಿಗೆ ಕಿವಿ ಮಂದವಾಯಿತು ಎಂದು ಅವರು ಇನ್ನೊಮ್ಮೆ ಹೇಳಿ ಹೋಗುತ್ತಾರೆ.

ಬರುವ ಮಹಾಲಯಕ್ಕೆ ಎರಡು ಎಲೆ ಹಾಕಬೇಕು, ಅಪ್ಪನದೊಂದು, ಅಣ್ಣನದೊಂದು. ಎರಡಕ್ಕೂ ನೊಗಲಿಯೇ. ದುರ್ಬೀನು ಮೊಳೆಯ ಮೇಲೆಯೇ ಇದೆ. ಮಧ್ಯಾಹ್ನದ ದೋಣಿಯ ಹೊತ್ತಿಗೆ ತೆಗೆದು ಆಚೆ ನೋಡುತ್ತೇನೆ. ಧಕ್ಕೆ ಕಾಣುತ್ತದೆ, ಹಗ್ಗ ಕಟ್ಟುವ ಗೂಟ ಕಾಣುತ್ತದೆ, ಮೀನು ಹೊರುವವರು ಕಾಣುತ್ತಾರೆ. ಇ ಬಂದಿದೆ, ಡಿ ಬಂದಿದೆ, ಇ ಬಂದಿದೆ. ಎ-ಆರ್ ಬಂದಿಲ್ಲ.